ಕಂಬದ ಬುಡದ ಗ್ಲೆನಿಸ್

ನದಿದಂಡೆಯ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಗ್ಲೆನಿಸ್ ಟ್ರಿಫಿಟ್ ಹಳೆಯ ಟ್ರ್ಯಾಕ್ಟರ್ ಗಾಲಿಯೊಂದನ್ನು ಮೈದಾನದ ನಡುವಿಗೆ ಉರುಳಿಸಿಕೊಂಡು ಬರುತ್ತಿದ್ದಾರೆ. ಟೈರು ಕಳಚಿದ ಬರೀ ಕಬ್ಬಿಣ ಅದು, ಅವರ ಸೊಂಟದೆತ್ತರಕ್ಕಿದೆ. ಗಾಲಿ ಒಂದು ಕಡೆ ವಾಲಿದರೆ ಇವರು ಇನ್ನೊಂದು ಕಡೆ ವಾಲುತ್ತಾರೆ, ಬೈಯುತ್ತಾರೆ, ರಬ್ಬರ್ ಬೂಟಿನಿಂದ ಒಂದು ಒದೆ ಕೊಟ್ಟು ಮತ್ತೆ ಉರುಳಿಸುತ್ತಾರೆ. ನಾನು ಕೈ ಹಾಕಲು ಹೋದರೆ ಬೇಡವೆನ್ನುತ್ತಾರೆ.

"ನೀನು ಬರ್ಕೋ ಹೋಗು. ಇದಕ್ಕೆ ನನ್ನ ಕೈ ಮಾತ್ರ ಗೊತ್ತು."

ಗಾಲಿಯನ್ನು ನೆಲಕ್ಕೆ ಅಡ್ಡ ಮಲಗಿಸುತ್ತಾರೆ. ಅದರ ನಡುವೆ ಬೆಸುಗೆ ಹಾಕಿದ ದಪ್ಪನೆಯ ಕೊಳವೆಯಿದೆ. ಇನ್ನು ಸ್ವಲ್ಪ ಹೊತ್ತಿಗೆ ಆ ಕೊಳವೆಯೊಳಗೆ ಒಂದು ಎಳೆಯ ನೀಲಗಿರಿ ಮರದ ಕಂಬ ನಿಲ್ಲುತ್ತದೆ. ಕಂಬದ ತುದಿಯಿಂದ ಬಣ್ಣಬಣ್ಣದ ರಿಬ್ಬನ್ನುಗಳು ಇಳಿಬೀಳುತ್ತವೆ, ಅವನ್ನು ಹಿಡಿದು ಜನ ಸುತ್ತ ಕುಣಿಯುತ್ತಾರೆ. ಗಾಲಿಯ ಮೇಲೆ ಎದುರುಬದುರು ಎರಡು ಹಲಗೆಗಳನ್ನು ಜೋಡಿಸಿ, ಒಂದರ ಮೇಲೆ ಗ್ಲೆನಿಸ್ ಕುಂಡೆಯೂರಿ ಕೂತು ಹಿಂದೆ ಮುಂದೆ ಅಲ್ಲಾಡಿ ನೋಡುತ್ತಾರೆ. ತಕ್ಷಣ ಎದ್ದು ನದಿಯ ಕಡೆ ನೋಡುತ್ತಾರೆ. ಗಾಳಿ ಏಳುವ ಸೂಚನೆಯಿದೆ, ಅದು ಅವರಿಗೆ ಸೇರುತ್ತಿಲ್ಲ.

ಇವತ್ತು ಅಕ್ಟೋಬರಿನ ಕೊನೆಯ ದಿನ. ಉತ್ತರದ ದೇಶಗಳಿಂದ ಬಂದ ಶರತ್ಕಾಲದ ದೆವ್ವದ ಹಬ್ಬಕ್ಕೆಂದು ಮಾರ್ಟನ್ಸ್ ಫೋರ್ಡಿನ ಅಂಗಡಿಗಳ ಗಾಜಿನ ತುಂಬ ದೆವ್ವಗಳೂ ಅಸ್ಥಿಪಂಜರಗಳೂ ನೇತಾಡುತ್ತಿವೆ. ಹ್ಯೂವನ್ ಕಣಿವೆಯ ಸೇಬಿನ ಮರಗಳಿಗೆ ಮಾತ್ರ ಈ ಸುದ್ದಿ ತಲುಪಿಲ್ಲ, ಅವು ಮೈತುಂಬ ಹೂ ಬಿಟ್ಟು ನಿಂತಿವೆ. ಗ್ಲೆನಿಸರ ಬಳಗ ಮರಗಳ ಪಕ್ಷ. ಋತುಗಳನ್ನೂ ನೆಲವನ್ನೂ ಸೂರ್ಯನನ್ನೂ ನಂಬಿ ನಡೆಯುವ ಈ ಪೇಗನ್ನರಿಗೆ, ಭೂಮಿಯ ಈ ದಕ್ಷಿಣದ ಅರ್ಧದಲ್ಲಿ, ಇದು ವಸಂತದ ಹಬ್ಬ. ಕೆಲವು ವರ್ಷಗಳಿಂದ ಅವರು ಈ ಹಬ್ಬವನ್ನು ಊರ ನಡುವಿನ ಈ ಮೈದಾನದಲ್ಲೇ, ಯಾರು ಬೇಕಾದರೂ ಬಂದು ನೋಡುವಂತೆ, ಕೇಳುವಂತೆ, ಮನಸ್ಸಾದರೆ ಕುಣಿಯುವಂತೆ ಆಚರಿಸುತ್ತಿದ್ದಾರೆ. ಹಾಗಾಗಿ ಪ್ರತಿವರ್ಷ ಊರಿನ ಅರ್ಧ ಮಕ್ಕಳು ಅಸ್ಥಿಪಂಜರದ ವೇಷದಲ್ಲಿ ವಸಂತೋತ್ಸವಕ್ಕೆ ಬಂದು ಮಿಠಾಯಿ ಎಲ್ಲಿ ಎಂದು ಕೇಳುತ್ತವೆ. ಇವರು ಆ ತಲೆಬುರುಡೆಗಳ ಮೇಲೆ ಹೂವಿನ ದಂಡೆ ಇಟ್ಟು ಕಳಿಸುತ್ತಾರೆ.

ಈ ಹಬ್ಬದ ಫೋಟೊಗಳು ನಮ್ಮ ಪತ್ರಿಕೆಯಲ್ಲಿ ಎಷ್ಟೋ ಸಲ ಬಂದಿವೆ. ಹಾರುವ ರಿಬ್ಬನ್ನು, ನಗುವ ಮುಖ, ಹೂವಿನ ದಂಡೆ ಎಲ್ಲವೂ ಅವುಗಳಲ್ಲಿವೆ. ಕಂಬದ ಬುಡವನ್ನು ಗಮನವಿಟ್ಟು ನೋಡಿದರೆ ಒಂದು ಜೊತೆ ಹಸಿರು ರಬ್ಬರ್ ಬೂಟುಗಳೂ ಕಾಣುತ್ತವೆ. ಗ್ಲೆನಿಸರ ಅಷ್ಟೂ ವರ್ಷಗಳ ಕೀರ್ತಿ ಆ ಬೂಟುಗಳಷ್ಟೇ. ನಮ್ಮ ಛಾಯಾಗ್ರಾಹಕ ಒಮ್ಮೆ ಅವನ್ನೂ ಕತ್ತರಿಸಿದ್ದ.

ಈ ಮೈದಾನದಲ್ಲಿ ಗುಂಡಿ ತೋಡುವಂತಿಲ್ಲ, ಕೆಳಗೆ ಊರಿನ ನೀರಿನ ಕೊಳವೆಗಳಿವೆ. ಆದ್ದರಿಂದ ಕಂಬ ಗಾಲಿಯ ಮೇಲೆಯೇ ನಿಲ್ಲಬೇಕು, ಗಾಲಿ ಏಳದಂತೆ ಅದರ ಮೇಲೆ ಇಬ್ಬರು ಕೂರಬೇಕು. ಮರಳಿನ ಮೂಟೆ ಇಟ್ಟರೆ ಆಗದೇ ಎಂದು ನಾನೂ ಕೇಳಿದೆ. ಎಲ್ಲರೂ ಇದನ್ನೇ ಕೇಳುತ್ತಾರೆಂದು ಅವರ ಮುಖ ಹೇಳಿತು.

"ಮೂಟೆಗೆ ಬೆನ್ನಿಲ್ಲ ನೋಡು. ರಿಬ್ಬನ್ನು ಈ ಕಡೆ ಎಳೆದಾಗ ನಾನು ಆ ಕಡೆ ಬೆನ್ನು ಕೊಡ್ತೀನಿ, ಆ ಕಡೆ ಎಳೆದಾಗ ಈ ಕಡೆ. ಅದೂ ಅಲ್ದೆ, ಬುಡದಲ್ಲಿ ಜೀವ ಇರೋದು ಏನಾದ್ರೂ ಕೂತಿರ್ಬೇಕು ಅಂತ ನಮ್ಮಲ್ಲಿ. ಮರ ಕಡಿದು ತಂದಿದೀವಲ್ಲ, ಅದಕ್ಕೆ ಒಂದು ಮರ್ಯಾದೆ."

ಇಷ್ಟು ಹೇಳುವಷ್ಟರಲ್ಲಿ ಅವರು ಮೂರು ಸಲ ಎದ್ದು ಹೋಗಿ ಬಂದಿದ್ದಾರೆ. ಈ ಹೆಂಗಸಿಗೆ ಕೂತ ಕಡೆ ಕೂರುವ ಜಾಯಮಾನವೇ ಇಲ್ಲ. ಸೇಬು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಓಡುವ ಪಟ್ಟಿಯ ಪಕ್ಕ ನಿಂತು ಕೆಟ್ಟ ಕಾಯಿ ಆರಿಸುವುದು ಅವರ ಕೆಲಸ. ಬೆಳಗಿನಿಂದ ಸಂಜೆವರೆಗೆ ನಿಂತೇ ಮಾಡುವ ಆ ಕೆಲಸ ಹಿತವೆನ್ನುತ್ತಾರೆ. ಬಿಸಿಯಿರುವಾಗ ಒಂದು ಲೋಟ ಚಹಾ ಮುಗಿಸಿದ್ದನ್ನು ಅವರ ಅಡುಗೆಮನೆಯಲ್ಲಿ ಯಾರೂ ಕಂಡಿಲ್ಲ. ಅಂಥವರು ತಮ್ಮ ಬಳಗಕ್ಕಾಗಿ ಆರಿಸಿಕೊಂಡಿರುವುದು ಅಲ್ಲಾಡದೆ ಕೂರುವ ಕೆಲಸವನ್ನು. ಯಾಕೆಂದು ಕೇಳಿದರೆ, "ಮೊದಲ್ನೇ ವರ್ಷ ಬೇರೆ ಯಾರೂ ಒಪ್ಪಲಿಲ್ಲ, ಎಲ್ಲಾರಿಗೂ ಕುಣೀಬೇಕಿತ್ತು," ಎನ್ನುತ್ತಾರೆ. ಆಮೇಲೆ ಯಾರೂ ಕೇಳಲೂ ಇಲ್ಲವಂತೆ.

ಬಳಗ ಊರೊಳಗೆ ಬಂದದ್ದೇ ಗ್ಲೆನಿಸರ ಹಟದಿಂದ. ಅದಕ್ಕೆ ಮುಂಚೆ ಅವರೆಲ್ಲ ಸೇರುತ್ತಿದ್ದುದು ಗುಡ್ಡದ ಹಿಂದೆ, ಮರ್ವ್ ಡೋರನ್ ಎಂಬ ಹಳೇ ಗರಗಸದ ಮಿಲ್ಲಿನ ಆಸಾಮಿಯ ಹುಲ್ಲುಗಾವಲಿನಲ್ಲಿ. ಕಾರುಗಳನ್ನು ದೂರ ನಿಲ್ಲಿಸಿ ಒಬ್ಬೊಬ್ಬರಾಗಿ ನಡೆದು ಹೋಗುತ್ತಿದ್ದರು. ಶೆಡ್ಡಿನಲ್ಲಿ ಗ್ಲೆನಿಸರ ವಿಷಯ ಹೇಗೋ ಗೊತ್ತಾದಾಗ ಅವರ ಕೋಟು ನೇತುಹಾಕುವ ಗೂಟಕ್ಕೆ ಯಾರೋ, ಮಾಟಗಾತಿಯೆಂದು ಅಣಕಿಸಲು, ಪೊರಕೆ ಕಟ್ಟಿದ್ದರು. ಅವರು ಮುಟ್ಟಿದ ಕೆಟಲ್ಲಿನ ಚಹಾ ಬೇಡವೆಂದು ಒಬ್ಬಾಕೆ ಮನೆಯಿಂದ ಫ್ಲಾಸ್ಕು ತರತೊಡಗಿದ್ದಳು. ಪೊರಕೆಯನ್ನು ಗ್ಲೆನಿಸ್ ಮನೆಗೆ ಒಯ್ದು ಗುಡಿಸಲು ಬಳಸಿದರಂತೆ. ಕೆಟಲ್ಲಿನದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಅವರ ಮನಸ್ಸು ತಿರುಗಿಸಿದ್ದು ಮರ್ವ್‌ನ ಹೆಂಡತಿ ಆಡ್ರಿಯ ಸಾವು. ಮಣ್ಣು ಮಾಡುವ ದಿನ ಊರೆಲ್ಲ ಬಂದಿತ್ತು. ಅವಳ ಜೊತೆ ಅಷ್ಟು ವರ್ಷ ಋತುಗಳ ಹಬ್ಬ ಮಾಡಿದ ಇವರು ಸ್ಮಶಾನದ ಗೇಟಿನ ಹೊರಗೆ ಗುಂಪಾಗಿ ನಿಂತಿದ್ದರು, ಯಾರೋ ದಾರಿಹೋಕರ ಹಾಗೆ.

"ಒಬ್ರೂ ಬಂದು ನಮ್ ಕೈ ಹಿಡೀಲಿಲ್ಲ. ಅವರ ತಪ್ಪಲ್ಲ ಕಣಪ್ಪಾ ಅದು. ನಾವು ಅವಳಿಗೇನಾಗ್ಬೇಕು ಅಂತ ಯಾರಿಗೆ ಗೊತ್ತಿತ್ತು? ನಾವೇ ಹೇಳಿರ್ಲಿಲ್ವಲ್ಲ. ಬದುಕಿದ್ದಾಗ ಅಡಗಿಕೊಂಡ್ರೆ ಸತ್ತಾಗ್ಲೂ ಅಡಗಿಕೊಂಡೇ ಅಳ್ಬೇಕು. ಸಾಕಪ್ಪಾ ಅದು ಅನ್ನಿಸ್ತು."

ಇದನ್ನು ಹೇಳುವಾಗ ಮಾತ್ರ ಅವರ ಕೈಗಳು ಸುಮ್ಮನಿದ್ದವು.

ಆದರೆ ಹೋದ ವರ್ಷ ಒಂದು ಎಡವಟ್ಟಾಯಿತು. ಕಂಬದ ಸುತ್ತ ಸೂರ್ಯ ನಡೆದ ದಿಕ್ಕಿನಲ್ಲೇ ನಡೆಯಬೇಕೆಂಬುದು ಇವರ ನೇಮ. ನಮ್ಮಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನಾದ್ದರಿಂದ ಅದು ಗಡಿಯಾರದ ಮುಳ್ಳಿಗೆ ಉಲ್ಟಾ. ಯಾರ್ಕ್‌ಷೈರಿನಿಂದ ಬಂದು ಇಲ್ಲಿ ನೆಲೆಸಿದ ನೈಜೆಲ್ ಎಂಬ ನಿವೃತ್ತ ಬಸ್ ಚಾಲಕ ಕುಣಿತದ ಮುಂದಾಳಾಗಿದ್ದ. ತಲೆಗೆ ಗೊತ್ತಿದ್ದುದು ಅವನ ಕಾಲಿಗೆ ಗೊತ್ತಿರಲಿಲ್ಲ. ಕಾಲು ಉತ್ತರದ ತನ್ನೂರಿನ ಅಭ್ಯಾಸಬಲದಿಂದ, ಅಲ್ಲಿಯ ಸೂರ್ಯನಂತೆ, ಮುಳ್ಳಿನ ದಿಕ್ಕಿಗೇ ಹೊರಟಿತು. ಅರ್ಧ ಜನ ಅವನ ಹಿಂದೆ, ಉಳಿದರ್ಧ ಸೂರ್ಯನ ಹಿಂದೆ. ರಿಬ್ಬನ್ನುಗಳು ಗಂಟಾಗಿ ಎಲ್ಲರೂ ಒಂದೇ ಕಡೆ ಜಗ್ಗಿ, ಕಂಬ ವಾಲಿ ಐಸ್‌ಕ್ರೀಮ್ ಅಂಗಡಿಯ ಚಪ್ಪರದ ಮೇಲೆ ಒರಗಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮೈದಾನದ ಸಮಿತಿಯವರು ಖಡಾಖಂಡಿತವಾಗಿ ಹೇಳಿದರು: ಇನ್ನೊಂದು ಸಲ ಕಂಬ ವಾಲಿದರೆ ಮೈದಾನ ಇಲ್ಲ. ಅಂದರೆ ಮತ್ತೆ ಗುಡ್ಡದ ಹಿಂದೆ, ಮತ್ತೆ ಮರ್ವ್‌ನ ಹುಲ್ಲುಗಾವಲು. ಆ ಹುಲ್ಲುಗಾವಲಿಗೆ ತಾನು ಹೋಗುವುದಿಲ್ಲ, ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂರುತ್ತೇನೆ ಎಂದು ಗ್ಲೆನಿಸ್ ಹೇಳುತ್ತಾರೆ. ಅವರು ಕೂರುತ್ತೇನೆ ಎಂದರೆ ವಿಷಯ ಗಂಭೀರವೆಂದೇ ಅರ್ಥ.

ಹತ್ತು ಗಂಟೆಗೆ ಮೈದಾನ ತುಂಬತೊಡಗುತ್ತದೆ. ಸ್ಕಾಲಪ್ ಎಂಬ ಚಿಪ್ಪುಮೀನಿನ ಪೈ ಮಾರುವವರು, ಜೇನು ಮಾರುವವರು, ಡೋಲು ಬಡಿಯುವವರು. ಒಂದು ಮೇಜಿಗೆ "ಏನು ಬೇಕಾದರೂ ಕೇಳಿ, ಬೇಜಾರಿಲ್ಲ" ಎಂಬ ಬಟ್ಟೆ ಕಟ್ಟಿದೆ. ಕುಣಿತ ಶುರುವಾಗುವವರೆಗೆ ಅಲ್ಲಿರುವುದೂ ಗ್ಲೆನಿಸರೇ, ಕುರ್ಚಿಯಿದ್ದರೂ ನಿಂತುಕೊಂಡೇ. ಟೊಪ್ಪಿ ಹಾಕಿದ ಒಬ್ಬರು ಬಂದು, ನೀವು ಸೈತಾನನ್ನ ಪೂಜೆ ಮಾಡ್ತೀರಂತೆ, ಹೌದಾ ಎಂದು ಕೇಳುತ್ತಾರೆ.

"ಸೈತಾನ ನಿಮ್ ಕಡೆಯವನು ಸ್ವಾಮಿ, ನಮ್ ಪಟ್ಟೀಲಿಲ್ಲ. ನಮ್ಮನೇಲಿ ಅವನಿಗೆ ಜಾಗನೂ ಇಲ್ಲ. ಇರೋ ಒಂದು ಖಾಲಿ ರೂಮಲ್ಲಿ ಹೊಲಿಗೆ ಮೆಷಿನ್ ಇಟ್ಕೊಂಡಿದೀನಿ."

ಅವರು ನಕ್ಕು ಒಂದು ಬಾಟಲಿ ಜೇನು ಕೊಂಡು ಹೋಗುತ್ತಾರೆ. ಗ್ಲೆನಿಸ್ ನಗುವುದಿಲ್ಲ. ಕಣ್ಣು ಕಂಬದ ತುದಿಯಲ್ಲಿದೆ, ಅಲ್ಲಿ ರಿಬ್ಬನ್ನುಗಳು ಆಗಲೇ ನದಿಯ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿವೆ. ನಡುನಡುವೆ ಆ ಕಣ್ಣು ರಸ್ತೆಯ ಆಚೆಗೂ ಹೋಗಿ ಬರುತ್ತದೆ. ಅಲ್ಲಿ ಚರ್ಚಿನ ಹೆಂಗಸರ ತಿಂಡಿ ಅಂಗಡಿಯಿದೆ. ಅದರ ಹಿಂದೆ ಎದೆಗೆ ಕೈಕಟ್ಟಿ ನಿಂತ ದಪ್ಪನೆಯ ಹೆಂಗಸು ನೋಲೀನ್, ಗ್ಲೆನಿಸರ ಒಡಹುಟ್ಟಿದ ಅಕ್ಕ. ಹಬ್ಬ ಮೈದಾನಕ್ಕೆ ಬಂದಾಗಿನಿಂದಲೂ ನೋಲೀನ್ ಹಾಗೇ ನಿಂತು ನೋಡುತ್ತಾರೆ, ರಸ್ತೆ ಮಾತ್ರ ದಾಟಿಲ್ಲ. ಕ್ರಿಸ್‌ಮಸ್ಸಿಗೆ ಇಬ್ಬರೂ ಸೇರುತ್ತಾರೆ, ತಟ್ಟೆ ತೊಳೆಯುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ. ಈ ಒಂದು ವಿಷಯ ಎತ್ತುವುದಿಲ್ಲ.

ಈ ಸಲದ ದೊಡ್ಡ ತಲೆನೋವು ಎರಡನೆಯ ಹಲಗೆ. ಅದರ ಮೇಲೆ ವರ್ಷವರ್ಷವೂ ಕೂರುತ್ತಿದ್ದ ಮರ್ವ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಪ್ಲಾಸ್ಟರಿನ ಕಾಲನ್ನು ಐಸ್‌ಪೆಟ್ಟಿಗೆಯ ಮೇಲೆ ಚಾಚಿ ಮೈದಾನದ ಅಂಚಿನಲ್ಲಿ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಾನೆ. ಅವನ ಜಾಗಕ್ಕೆ ಮುಂದೆ ಬಂದವನು ನೈಜೆಲ್. ಹೋದ ವರ್ಷದ ಪಾಪ ತೊಳೆದುಕೊಳ್ಳುವ ಆಸೆ ಅವನಿಗೆ. ಮುಂದಾಳುತನ ಅವನಿಗೆ ಕೊಡುವ ಧೈರ್ಯ ಯಾರಿಗೂ ಇಲ್ಲ, ಹಾಗಾಗಿ ಕೂರಿಸುವುದೇ ಕ್ಷೇಮವೆಂದು ಬಳಗವೂ ಒಪ್ಪಿತು. ಆದರೆ ನೈಜೆಲ್ ಕಡ್ಡಿ ಪೈಲ್ವಾನ್.

"ಇವನನ್ನ ಕೂರ್ಸೋದೂ ಒಂದೇ, ಇವನ ಟೊಪ್ಪಿ ಇಟ್ಟು ಬರೋದೂ ಒಂದೇ," ಎಂದು ಮರ್ವ್ ಕೂಗಿ ಹೇಳುತ್ತಾನೆ.

"ಭಾರ ಇಲ್ದಿದ್ರೇನು, ಮನಸ್ಸಿದೆ," ಎನ್ನುತ್ತಾನೆ ನೈಜೆಲ್.

"ಗಾಲಿ ಮನಸ್ಸು ನೋಡಲ್ಲ ಕಣೋ. ನೀನು ಏಳ್ಬೇಡ, ಅಷ್ಟೇ. ಆಕಾಶ ಕಳಚಿ ಬಿದ್ರೂ ಏಳ್ಬೇಡ," ಎಂದು ಗ್ಲೆನಿಸ್ ಅವನನ್ನು ಹಲಗೆಯ ಮೇಲೆ ಒತ್ತಿ ಕೂರಿಸುತ್ತಾರೆ.

ಕುಣಿತಕ್ಕೆ ಮುಂಚೆ ಒಂದು ಗಳಿಗೆ ಸಿಕ್ಕಿದಾಗ ನಾನು ಈ ಬಗೆಯ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಕೇಳುತ್ತೇನೆ, ನಿಮಗೊಂದು ಆಸೆಯಿದ್ದರೆ ಏನದು ಎಂದು. ಯೋಚಿಸದೆ ಉತ್ತರ ಬರುತ್ತದೆ.

"ಒಂದ್ಸಲ ಹೊರಗಡೆ ನಿಂತು ನೋಡ್ಬೇಕು. ಬುಡದಲ್ಲಿ ಕೂತ್ರೆ ನನಗೆ ಕಾಣೋದು ಬರೀ ಮೊಣಕಾಲು. ಎಲ್ಲಾರೂ ಚೆನ್ನಾಗಿತ್ತು ಚೆನ್ನಾಗಿತ್ತು ಅಂತಾರೆ. ಏನು ಚೆನ್ನಾಗಿತ್ತು ಅಂತ ನನಗಿನ್ನೂ ಗೊತ್ತಿಲ್ಲ."

ಡೋಲು ಶುರುವಾಗುತ್ತದೆ. ಬಳಗದವರೂ ಊರಿನವರೂ ಒಂದೊಂದು ರಿಬ್ಬನ್ನು ಹಿಡಿದು ಸೂರ್ಯನ ದಿಕ್ಕಿಗೆ ಹೊರಡುತ್ತಾರೆ. ಗ್ಲೆನಿಸ್ ಮತ್ತು ನೈಜೆಲ್ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಾರೆ. ಸಮಿತಿಯ ಪ್ರೂ ಹ್ಯಾನಿಗನ್ ನನ್ನ ಪಕ್ಕದಲ್ಲೇ, ಕೈಯಲ್ಲಿ ಅರ್ಧ ತಿಂದ ಪೈ ಹಿಡಿದು, ಕಂಬವನ್ನು ಬಿಟ್ಟು ಬೇರೇನನ್ನೂ ನೋಡದೆ ನಿಂತಿದ್ದಾರೆ. ಒಂದು ಸುತ್ತು ಮುಗಿಯುತ್ತದೆ, ಇನ್ನೊಂದು. ರಿಬ್ಬನ್ನುಗಳು ಕಂಬದ ತುದಿಯಲ್ಲಿ ಜಡೆಯಾಗತೊಡಗುತ್ತವೆ. ಗಾಳಿ ಒಂದೇ ಸಮ ಬೀಸುತ್ತಿದೆ, ಕಂಬ ಸ್ವಲ್ಪ ಸ್ವಲ್ಪ ತೂಗುತ್ತಿದೆ.

ಅಷ್ಟರಲ್ಲಿ ತಡವಾಗಿ ಬಂದ ಮೂರು ಅಸ್ಥಿಪಂಜರಗಳು, ಹೈಸ್ಕೂಲಿನ ಹುಡುಗಿಯರು, ಖಾಲಿಯಿದ್ದ ರಿಬ್ಬನ್ನುಗಳನ್ನು ಹಿಡಿದು ಉತ್ಸಾಹದಿಂದ ಉಲ್ಟಾ ದಿಕ್ಕಿಗೆ ಹೊರಡುತ್ತಾರೆ. ಇದು ಯಾರಿಗೆ ಕಾಣದಿದ್ದರೂ ನೈಜೆಲ್‌ಗೆ ಕಾಣುತ್ತದೆ. ವರ್ಷವಿಡೀ ಆ ದಿಕ್ಕನ್ನೇ ಕನಸಿನಲ್ಲಿ ಕಂಡವನು ಅವನು.

"ಆ ಕಡೆ ಅಲ್ಲ, ಈ ಕಡೆ, ಸೂರ್ಯನ ಕಡೆ," ಎಂದು ಎರಡೂ ಕೈ ಎತ್ತಿ ಎದ್ದು ನಿಂತೇಬಿಡುತ್ತಾನೆ.

ಗಾಲಿಯ ಅವನ ಕಡೆಯ ಅಂಚು ನೆಲ ಬಿಡುತ್ತದೆ. ಕಂಬ ನದಿಯ ಕಡೆಗೆ ವಾಲುತ್ತದೆ. ಗ್ಲೆನಿಸ್ ಹಲಗೆಯ ಮೇಲೆ ಹಿಂದಕ್ಕೆ ಒರಗಿ, ಎರಡು ಕೈಯನ್ನೂ ಹಿಂದೆ ಚಾಚಿ ಕಂಬ ತಬ್ಬಿ, ಬೂಟುಗಳನ್ನು ಹುಲ್ಲಿಗೆ ಊರಿ ತಡೆಯುತ್ತಿದ್ದಾರೆ. ಗಾಬರಿಯಾದ ನೈಜೆಲ್ ಮತ್ತೆ ಕೂರಲು ಹೋದರೆ ರಿಬ್ಬನ್ನೊಂದು ಅವನ ಕಾಲಿಗೆ ಸುತ್ತಿಕೊಂಡು ಹುಲ್ಲಿನ ಮೇಲೆ ಕೆಡವುತ್ತದೆ. ಮರ್ವ್ ಪ್ಲಾಸ್ಟರಿನ ಕಾಲಲ್ಲೇ ಏಳಲು ಹೆಣಗುತ್ತಿದ್ದಾನೆ. ಪ್ರೂ ಕೈಯ ಪೈ ಕೆಳಗೆ ಬಿದ್ದಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಕಾಲು ಕಿತ್ತು ಬರಲಿಲ್ಲ.

ಕಾಲು ಬಂದದ್ದು ನೋಲೀನರಿಗೆ. ರಸ್ತೆ ದಾಟಿದ್ದನ್ನು ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ಆಕೆ ಚರ್ಚಿನ ಏಪ್ರನ್ನಿನಲ್ಲೇ, ಕೈಗೆಲ್ಲ ತೆಂಗಿನ ತುರಿ ಮೆತ್ತಿಕೊಂಡು, ರಿಬ್ಬನ್ನುಗಳ ನಡುವೆ ತಲೆ ತಗ್ಗಿಸಿ ನುಗ್ಗಿ, ಎದ್ದಿದ್ದ ಹಲಗೆಯ ಮೇಲೆ ದೊಪ್ಪನೆ ಕೂತಾಗಿತ್ತು. ಗಾಲಿ ನೆಲಕ್ಕೆ ಬಿತ್ತು. ಕಂಬ ನೆಟ್ಟಗಾಯಿತು.

"ನಿಮ್ ದೇವರುಗಳಿಗೋಸ್ಕರ ಬಂದಿಲ್ಲ ನಾನು, ತಿಳ್ಕೋ," ಎನ್ನುತ್ತಾರೆ ನೋಲೀನ್, ತಂಗಿಯ ಮುಖ ನೋಡದೆ. ಇಬ್ಬರ ಬೆನ್ನಿನ ನಡುವೆ ಕಂಬವಿದೆ.

"ಯಾರು ಹೇಳಿದ್ರು ಹಾಗಂತ."

"ಯಾರದ್ದಾದ್ರೂ ಮಗು ತಲೆ ಮೇಲೆ ಬಿದ್ರೆ ಏನ್ ಗತಿ."

"ಬಿದ್ದಿಲ್ವಲ್ಲ."

"ಸ್ಕೂಲಲ್ಲಿ ನಿನ್ನ ಬೆಂಚಿಗೆ ಕಟ್ಟಿ ಹಾಕ್ಬೇಕಿತ್ತು ಗ್ಲೆನ್. ಎರಡು ನಿಮಿಷ ಕೂರ್ತಿರ್ಲಿಲ್ಲ. ಇಲ್ಲಿ ನೋಡಿದ್ರೆ ಪ್ರತಿವರ್ಷ ಕಲ್ಲಿನ ಹಾಗೆ ಕೂತಿರ್ತೀಯ. ಆ ಕಡೆ ನಿಂತು ನೋಡಿ ನೋಡಿ ನನಗೇ ಬೆನ್ನು ನೋವು ಬಂದಿದೆ."

ಡೋಲು ಮತ್ತೆ ಶುರುವಾಯಿತು. ಅಸ್ಥಿಪಂಜರಗಳನ್ನು ಯಾರೋ ಸರಿದಿಕ್ಕಿಗೆ ತಿರುಗಿಸಿದರು. ಅಕ್ಕತಂಗಿ ಬೆನ್ನು ಕೊಟ್ಟು ಕೂತಿದ್ದಂತೆ ಜಡೆ ತುದಿಯಿಂದ ಕೆಳಗೆ ಇಳಿದು ಬಂತು, ರಿಬ್ಬನ್ನುಗಳು ಗಿಡ್ಡವಾದವು, ಕುಣಿಯುವವರು ಹತ್ತಿರ ಹತ್ತಿರ ಬಂದು ಇಬ್ಬರನ್ನೂ ಮುಚ್ಚಿಬಿಟ್ಟರು.

ಪ್ರೂ ಹ್ಯಾನಿಗನ್ ಬಿದ್ದ ಪೈಯನ್ನು ಕಸದ ಡಬ್ಬಿಗೆ ಹಾಕಿ ಬಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕುಣಿತ ನಿಂತ ಮೇಲೆ ಅವರು ಕಂಬದ ಬುಡಕ್ಕೆ ಹೋಗಿ ಬಗ್ಗಿ ಹೇಳಿದರು:

"ಮುಂದಿನ ವರ್ಷ ಮೂರು ಜನ ಕೂತ್ಕೊಳ್ಳಿ ಗ್ಲೆನಿಸ್. ಇಬ್ರು ಸಾಲಲ್ಲ."

ಮುಂದಿನ ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ಮರ್ವ್ ಟೊಪ್ಪಿ ತೆಗೆದು ಮುಖ ಮುಚ್ಚಿಕೊಂಡ. ಅಳುತ್ತಿದ್ದನೇನೋ. ಕೇಳಿದರೆ ಬಿಸಿಲು ಎಂದ.

ಇನ್ನು ಉಳಿದಿರುವುದು ಬಿಚ್ಚುವ ಸುತ್ತು. ಹೆಣೆದದ್ದನ್ನು ಬಿಚ್ಚುವಾಗ ಮಾತ್ರ ಸೂರ್ಯನಿಗೆ ಎದುರಾಗಿ, ಗಡಿಯಾರದ ಮುಳ್ಳಿನಂತೆ ನಡೆಯಬೇಕು. ನೈಜೆಲ್‌ನ ಕಾಲಿಗೆ ಹೇಳಿಮಾಡಿಸಿದ ದಿಕ್ಕು. ಅದನ್ನಾದರೂ ಮುನ್ನಡೆಸುತ್ತೇನೆಂದು ಅವನು ಮುಂದೆ ಬಂದಾಗ ನೋಲೀನ್ ಅವನ ತೋಳು ಹಿಡಿದು ಗ್ಲೆನಿಸ್ ಕೂತಿದ್ದ ಹಲಗೆಯ ಕಡೆ ಎಳೆಯುತ್ತಾರೆ.

"ನೀನಿಲ್ಲಿ ಕೂತ್ಕೋ. ಎದ್ದೆಯೋ ನೋಡು ಮತ್ತೆ. ಗ್ಲೆನ್, ನೀನು ಹೋಗೇ. ಹೊರಗಡೆ ನಿಂತು ನೋಡ್ಬೇಕು ನೋಡ್ಬೇಕು ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತೀಯಂತೆ."

"ನಿನಗ್ಯಾರು ಹೇಳಿದ್ರು?"

"ಊರಲ್ಲೇ ಇದೀನಲ್ಲಮ್ಮಾ ನಾನು."

ಗ್ಲೆನಿಸ್ ರಿಬ್ಬನ್ನುಗಳ ಕೆಳಗಿನಿಂದ ಅಂಬೆಗಾಲಿನಲ್ಲಿ ಹೊರಗೆ ಬರುತ್ತಾರೆ. ಮೊಣಕಾಲಿನ ಹುಲ್ಲು ಕೊಡವಿಕೊಂಡು ನನ್ನ ಪಕ್ಕ ನಿಲ್ಲುತ್ತಾರೆ. ಯಾರೋ ಕೈಗೆ ಒಂದು ಲೋಟ ಚಹಾ ಕೊಡುತ್ತಾರೆ. ಡೋಲು ಬಡಿಯುತ್ತದೆ, ಜಡೆ ಬಿಚ್ಚಿಕೊಳ್ಳತೊಡಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೆಂಪು, ಹಳದಿ, ಬಿಳಿ ರಿಬ್ಬನ್ನುಗಳು ಮೇಲಿಂದ ಅರಳುತ್ತಾ ಬರುತ್ತವೆ, ಹಿಂದೆ ನದಿ, ಅದರಾಚೆ ಹೂಬಿಟ್ಟ ಸೇಬಿನ ಸಾಲು. ಇಷ್ಟು ವರ್ಷ ಬರೆದೂ ನನಗೆ ಈ ನೋಟ ಹಳತಾಗಿಲ್ಲ. ಗ್ಲೆನಿಸ್ ಕುತ್ತಿಗೆ ಚಾಚಿ, ತುದಿಗಾಲಿನಲ್ಲಿ ನಿಂತು, ಆ ಕಡೆ ಈ ಕಡೆ ಸರಿದು ಕಣ್ಣು ಕೀಲಿಸಿ ನೋಡುತ್ತಿದ್ದಾರೆ. ಕೊನೆಯ ರಿಬ್ಬನ್ನು ಬಿಚ್ಚಿಕೊಂಡು ಜನ ಚಪ್ಪಾಳೆ ತಟ್ಟಿದ ಮೇಲೆ ಮೆಲ್ಲಗೆ ಕೇಳಿದೆ.

"ಹೇಗಿತ್ತು?"

"ಯಾವ್ದು?"

"ಕುಣಿತ. ನೋಡ್ಬೇಕು ಅಂದಿದ್ರಲ್ಲ."

"ಅಯ್ಯೋ, ನಾನೆಲ್ಲಿ ನೋಡ್ದೆ. ನೋಲ್ ಎಲ್ಲಿ ಎದ್ದು ಹೋಗ್ಬಿಡ್ತಾಳೋ ಅಂತ ಅವಳನ್ನೇ ನೋಡ್ತಿದ್ದೆ."

ಕೈಯಲ್ಲಿದ್ದ ಚಹಾವನ್ನು ಒಂದು ಗುಟುಕು ಕುಡಿದರು. ಅದು ತಣ್ಣಗಾಗಿತ್ತು. ಕಂಬದ ಬುಡದಲ್ಲಿ ನೋಲೀನ್ ಇನ್ನೂ ಕೂತೇ ಇದ್ದರು, ಒಂದು ಅಸ್ಥಿಪಂಜರಕ್ಕೆ ಏನೋ ಗದರುತ್ತಾ.

"ಏಳ್ಲಿಲ್ಲ," ಎಂದರು ಗ್ಲೆನಿಸ್. "ನೋಡಿದ್ಯಾ ನೀನು? ಏಳ್ಲೇ ಇಲ್ಲ."